ಕಬಾಲ್, ಕಬ್ಬಾಲಾ, ಕಬ್ಬಾಳದುರ್ಗ

ಪ್ರಶ್ನೆ: ಮೇಷ್ಟ್ರೆ, ನಮಸ್ಕಾರ. ಶ್ರೀರಂಗಪಟ್ಟಣದ ಚರಿತ್ರೆಯ ಬಗ್ಗೆ ಒಂದು ಇಂಗ್ಲಿಷ್ ಲೇಖನ ಓದುತ್ತಿದ್ದೆ. 1760ರಲ್ಲಿ ಖಂಡೇರಾಯ ಮತ್ತು ಅರಮನೆಯವರು ಸೇರಿ ಹೈದರಾಲಿಯ ಮೇಲೆ ಹೂಡಿದ ಸಂಚಿಗೆ ಅದರಲ್ಲಿ ‘ಕಬಾಲ್’ ಎಂದು ಬರೆದಿದ್ದರು. ನಿಘಂಟು ತೆಗೆದರೆ ‘ಕಬಾಲಿಸ್ಟ್’ ಅನ್ನುವುದಕ್ಕೆ ಅನುಭಾವಿ ಅಂತಲೂ ಇದೆ, ಒಳಸಂಚುಗಾರ ಅಂತಲೂ ಇದೆ. ಐದು ಜನ ಇಂಗ್ಲಿಷ್ ಮಂತ್ರಿಗಳ ಹೆಸರಿನ ಮೊದಲಕ್ಷರ ಸೇರಿ ಈ ಪದ ಆಯ್ತು ಅಂತ ನನ್ನ ಮಗ ಹೇಳ್ತಾನೆ. ಮಳವಳ್ಳಿಯ ನಮ್ಮ ಸ್ನೇಹಿತರೊಬ್ಬರು, ಅದೆಲ್ಲ ಸುಳ್ಳು, ಸಂಚು ಮಾಡಿದವರನ್ನು ಕಬ್ಬಾಳದುರ್ಗದಲ್ಲಿ ಕೂಡಿಹಾಕ್ತಿದ್ದರಲ್ಲ, ಆ ಹೆಸರನ್ನೇ ಬ್ರಿಟಿಷರು ಎತ್ತಿಕೊಂಡು ಹೋದ್ರು ಅಂತಾರೆ. ಯಾವುದು ನಿಜ? ಯೋಗಿಗೂ ಪಿತೂರಿಗಾರನಿಗೂ ಒಂದೇ ಹೆಸರು ಹೇಗಾಯ್ತು? ನಮ್ಮಲ್ಲಿ ಅಂಥ ಪದ ಉಂಟೆ? ಕನ್ನಡದಲ್ಲಿ ಅದನ್ನು ಹೇಗೆ ಹೇಳೋದು?

— ಒಬ್ಬ ಓದುಗರು, ಮಂಡ್ಯ

ಉತ್ತರ: ಮೊದಲು ನಿಮ್ಮ ಸ್ನೇಹಿತರ ವಾದ. ಅದು ತಪ್ಪು, ಆದರೆ ಚರಿತ್ರೆ ಗೊತ್ತಿದ್ದವರಿಗೆ ಮಾತ್ರ ಹೊಳೆಯುವಂಥ ತಪ್ಪು. ಕಬ್ಬಾಳದುರ್ಗ ಮೈಸೂರು ಸೀಮೆಯ ರಾಜಕೀಯ ಸೆರೆಮನೆಯಾಗಿದ್ದದ್ದು ಹೌದು. 1734ರಲ್ಲಿ ದಳವಾಯಿಗಳು ಚಾಮರಾಜ ಒಡೆಯರನ್ನೇ ಪಟ್ಟದಿಂದ ಇಳಿಸಿ ಅಲ್ಲಿಗೆ ಕಳಿಸಿದರು. ಅರಸರು ಅಲ್ಲೇ ತೀರಿಕೊಂಡರು. ಹಾಗಾಗಿ ಒಳಸಂಚಿಗೂ ಆ ಬೆಟ್ಟಕ್ಕೂ ನಂಟಿದೆ, ಪದಕ್ಕೆ ಮಾತ್ರ ಇಲ್ಲ. ಇಂಗ್ಲಿಷರು ನಮ್ಮ ಕಾವೇರಿ ಸೀಮೆಯ ಬೆಟ್ಟಗಳ ಹೆಸರು ಕೇಳುವುದಕ್ಕೆ ನೂರು ವರ್ಷಕ್ಕೂ ಮುಂಚೆಯೇ, 17ನೆಯ ಶತಮಾನದ ಮೊದಲ ದಶಕಗಳಲ್ಲೇ, ಈ ಪದ ಅವರ ಬರವಣಿಗೆಯಲ್ಲಿ ಓಡಾಡುತ್ತಿತ್ತು. ಆ ಬೆಟ್ಟದ ದೇವತೆ ಕಬ್ಬಾಳಮ್ಮನಿಗೂ ಕಬಾಲ್‌ಗೂ ಇರುವುದು ಸದ್ದಿನ ಹೋಲಿಕೆ ಅಷ್ಟೆ.

ನಿಮ್ಮ ಮಗ ಹೇಳಿದ ಕಥೆ ಇನ್ನೂ ಗಟ್ಟಿ, ಏಕೆಂದರೆ ಆ ಐವರು ನಿಜವಾಗಿ ಇದ್ದರು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯ ಹತ್ತಿರ 1668ರಿಂದ ಕೆಲವು ವರ್ಷ ಆಡಳಿತ ನಡೆಸಿದವರು ಕ್ಲಿಫರ್ಡ್, ಆರ್ಲಿಂಗ್ಟನ್, ಬಕಿಂಗ್‌ಹ್ಯಾಮ್, ಆಶ್ಲಿ, ಲಾಡರ್‌ಡೇಲ್. ಇಂಗ್ಲಿಷಿನಲ್ಲಿ ಈ ಹೆಸರುಗಳ ಮೊದಲಕ್ಷರ ಜೋಡಿಸಿದರೆ ‘ಕಬಾಲ್’ ಆಗುತ್ತದೆ. ಆದರೆ ಪದ ಮೊದಲೇ ಇತ್ತು, ಹೆಸರುಗಳು ಆಮೇಲೆ ಬಂದು ಅದಕ್ಕೆ ಹೊಂದಿಕೊಂಡವು. ಲಂಡನ್ನಿನ ಜನ ಈ ಕಾಕತಾಳೀಯವನ್ನು ಕಂಡು ಖುಷಿಪಟ್ಟರು, ಪದಕ್ಕೆ ಇನ್ನಷ್ಟು ಚಲಾವಣೆ ಸಿಕ್ಕಿತು. ನಾಲ್ಕು ದಿಕ್ಕುಗಳ ಮೊದಲಕ್ಷರ ಸೇರಿ ‘ನ್ಯೂಸ್’ ಆಯಿತು ಎಂದು ಮೊಬೈಲಿನಲ್ಲಿ ಸುತ್ತುವ ಸಂದೇಶವೂ ಇದೇ ಜಾತಿಯದು. ಆ ಕಾಲದಲ್ಲಿ ಮೊದಲಕ್ಷರ ಪೋಣಿಸಿ ಪದ ಹುಟ್ಟಿಸುವ ರೂಢಿ ಇರಲಿಲ್ಲವೆಂದೇ ಹೇಳಬೇಕು.

ತಮಾಷೆಯೆಂದರೆ ಆ ಐವರು ಒಂದು ಕೂಟವೇ ಅಲ್ಲ. ಒಬ್ಬರಿಗೆ ಇನ್ನೊಬ್ಬರ ಮೇಲೆ ನಂಬಿಕೆಯಿರಲಿಲ್ಲ. 1670ರಲ್ಲಿ ಚಾರ್ಲ್ಸ್ ದೊರೆ ಫ್ರಾನ್ಸಿನ 14ನೆಯ ಲೂಯಿಯ ಜೊತೆ ಡೋವರ್‌ನಲ್ಲಿ ಗುಟ್ಟಾಗಿ ಒಪ್ಪಂದ ಮಾಡಿಕೊಂಡ. ತಾನು ಕ್ಯಾಥೊಲಿಕ್ ಎಂದು ಘೋಷಿಸಿಕೊಳ್ಳುತ್ತೇನೆ, ಅದಕ್ಕೆ ಪ್ರತಿಯಾಗಿ ಹಣ ಕೊಡಬೇಕು ಎಂಬ ಮಾತು ಅದರಲ್ಲಿತ್ತು. ಐವರ ಪೈಕಿ ಇದು ಗೊತ್ತಿದ್ದದ್ದು ಕ್ಲಿಫರ್ಡ್, ಆರ್ಲಿಂಗ್ಟನ್ ಇಬ್ಬರಿಗೆ. ಮಿಕ್ಕವರ ಕಣ್ಣಿಗೆ ಮಣ್ಣೆರಚಲು ಅದೇ ವರ್ಷದ ಕೊನೆಗೆ, ಮತಾಂತರದ ಮಾತು ತೆಗೆದುಹಾಕಿದ ಇನ್ನೊಂದು ಒಪ್ಪಂದ ತಯಾರಾಯಿತು. ಐವರೂ ಅದಕ್ಕೆ ಗಂಭೀರವಾಗಿ ರುಜು ಹಾಕಿದರು. ಸಂಚುಗಾರರೆಂದು ಜಗತ್ತಿಗೇ ಹೆಸರಾದವರಲ್ಲಿ ಮೂವರು ತಾವೇ ಸಂಚಿಗೆ ಬಿದ್ದಿದ್ದರು.

ಹಾಗಾದರೆ ಪದ ಬಂದದ್ದೆಲ್ಲಿಂದ? ಹೀಬ್ರೂ ಭಾಷೆಯ ‘ಕಬ್ಬಾಲಾ’ದಿಂದ. ಅದು ಮಧ್ಯಯುಗದ ಲ್ಯಾಟಿನ್ ಹೊಕ್ಕು, ಫ್ರೆಂಚಿನಲ್ಲಿ ‘ಕಬಾಲ್’ ಆಗಿ, ಅಲ್ಲಿಂದ ಇಂಗ್ಲಿಷಿಗೆ ದಾಟಿತು. ಕಬ್ಬಾಲಾ ಅಂದರೆ ಪಡೆದದ್ದು, ಸ್ವೀಕರಿಸಿದ್ದು. ಗುರುವಿನಿಂದ ಶಿಷ್ಯ ಪಡೆದ ಪರಂಪರೆ ಎಂದು ಅರ್ಥ. ಮೋಶೆಯು ಸಿನಾಯ್ ಬೆಟ್ಟದಲ್ಲಿ ಧರ್ಮಶಾಸ್ತ್ರವನ್ನು ‘ಪಡೆದನು’ ಎನ್ನುವಾಗ ಯೆಹೂದಿಗಳ ಹಳೆಯ ಧರ್ಮಗ್ರಂಥ ಮಿಶ್ನಾ ಬಳಸುವ ಕ್ರಿಯಾಪದಕ್ಕೂ ಇದೇ ಧಾತು, ಕ–ಬ–ಲ.

ಈ ಧಾತುವನ್ನು ನೀವು ನಿಮ್ಮ ಮಂಡ್ಯದಲ್ಲೇ ಬಲ್ಲಿರಿ. ಅರಬ್ಬಿಯೂ ಹೀಬ್ರೂವೂ ಕನ್ನಡ–ತಮಿಳಿನಂತೆ ಒಂದೇ ಕುಟುಂಬದ ಭಾಷೆಗಳು. ಅರಬ್ಬಿಯಲ್ಲಿ ಇದೇ ಮೂರು ವ್ಯಂಜನಗಳಿಂದ ಆದದ್ದು ‘ಕಬೂಲ್’, ಒಪ್ಪಿಗೆ. ಸಿನಿಮಾದ ನಿಕಾಹ್ ದೃಶ್ಯದಲ್ಲಿ ಮೂರು ಸಲ ಕೇಳಿಸುವ ‘ಕಬೂಲ್ ಹೈ’ ಅದೇ. ‘ತಪ್ಪು ಕಬೂಲು ಮಾಡಿಕೊಂಡ’ ಎನ್ನುವ ಹಳೆಯ ಕನ್ನಡಿಗರ ಮಾತು ಅದೇ. ಪಟ್ಟಾ ಕೊಟ್ಟಾಗ ರೈತ ಪ್ರತಿಯಾಗಿ ಬರೆದುಕೊಡುತ್ತಿದ್ದ ‘ಕಬೂಲಾತಿ’ಯೂ ಅದೇ. ನಿಮ್ಮ ಬೀದಿಯಲ್ಲಿ ಇಕ್ಬಾಲ್, ಮಕ್ಬೂಲ್ ಎಂಬ ಹೆಸರಿನವರು ಇದ್ದರೆ ಅವರೂ ಈ ಮನೆತನಕ್ಕೆ ಸೇರಿದವರು. ಅಂದರೆ ಶಿರಸ್ತೆದಾರರ ಕಟ್ಟಿನಲ್ಲಿ ಧೂಳು ಹಿಡಿದಿದ್ದ ಕಬೂಲಾತಿ ಪತ್ರವೂ ಯೆಹೂದಿ ಅನುಭಾವಿಯ ಕಬ್ಬಾಲಾವೂ ದಾಯಾದಿಗಳು. ಪದಗಳ ವಂಶಾವಳಿ ಬಿಡಿಸುವವರಿಗೆ ಇಂಥ ಸಂಬಂಧಿಕರು ಸಿಕ್ಕಿದಷ್ಟು ಸಂತೋಷ ಬೇರೆ ಇಲ್ಲ.

ಅನುಭಾವ ಪಂಥವಾಗಿ ಕಬ್ಬಾಲಾ ಬೆಳೆದದ್ದು 12–13ನೆಯ ಶತಮಾನಗಳಲ್ಲಿ, ದಕ್ಷಿಣ ಫ್ರಾನ್ಸ್ ಮತ್ತು ಸ್ಪೇನ್‌ಗಳಲ್ಲಿ. ನಮ್ಮಲ್ಲಿ ಕಲ್ಯಾಣದ ಶರಣರ ಕಾಲವೂ ಹೆಚ್ಚುಕಡಿಮೆ ಅದೇ. ಅದರ ಮುಖ್ಯ ಗ್ರಂಥ ‘ಜೋಹರ್’ 13ನೆಯ ಶತಮಾನದ ಕೊನೆಯಲ್ಲಿ ಕ್ಯಾಸ್ಟೀಲ್‌ನಲ್ಲಿ ಹೊರಬಂತು. ಹೊರತಂದವನು ಮೋಶೆ ದೆ ಲಿಯೋನ್. ಆತ ಅದನ್ನು ಸಾವಿರ ವರ್ಷ ಹಿಂದಿನ ಶಿಮೋನ್ ಬಾರ್ ಯೋಹಾಯ್ ಎಂಬ ಗುರುವಿನ ಹೆಸರಿನಲ್ಲಿ ಪ್ರಚುರಪಡಿಸಿದ. ಅರಿಯಲಾಗದ ದೇವರು ಹತ್ತು ಹೊಮ್ಮುಗೆಗಳಲ್ಲಿ ಜಗತ್ತಿನೊಳಗೆ ಹರಿದುಬರುತ್ತಾನೆ ಎಂಬುದು ಅದರ ತಿರುಳು. 16ನೆಯ ಶತಮಾನದಲ್ಲಿ ಗಲಿಲಾಯ ಸೀಮೆಯ ಸಫೇದ್ ಊರಿನಲ್ಲಿ ಐಸಾಕ್ ಲೂರಿಯಾ ಅದಕ್ಕೆ ಹೊಸ ರೂಪ ಕೊಟ್ಟ. ಆತ ಬರೆದದ್ದು ಇಲ್ಲವೆನ್ನುವಷ್ಟು ಕಡಿಮೆ. ಹೇಳಿದ್ದನ್ನು ಶಿಷ್ಯ ಹಾಯಿಮ್ ವಿಟಾಲ್ ಬರೆದಿಟ್ಟ.

ಇಲ್ಲಿ ಎರಡು ಸಂಗತಿ ನೋಡಬೇಕು. ಒಂದು, ಬಾಗಿಲು. ರಹಸ್ಯ ವಿಷಯಗಳನ್ನು ಎಷ್ಟು ಜನರ ಮುಂದೆ ಹೇಳಬಹುದೆಂದು ಮಿಶ್ನಾ ಲೆಕ್ಕ ಹಾಕಿಟ್ಟಿದೆ. ನಿಷಿದ್ಧ ಸಂಬಂಧಗಳ ವಿಷಯವನ್ನು ಮೂವರ ಮುಂದೆ ವಿವರಿಸಬಾರದು, ಸೃಷ್ಟಿಯ ವಿಷಯವನ್ನು ಇಬ್ಬರ ಮುಂದೆ ಬೇಡ, ದೇವರ ರಥದ ದರ್ಶನವನ್ನಂತೂ ಒಬ್ಬನ ಮುಂದೆಯೂ ಬೇಡ, ಅವನು ತಾನಾಗಿ ಅರಿಯಬಲ್ಲ ಜಾಣನಾಗಿದ್ದರೆ ಮಾತ್ರ ಸರಿ. ಮೂರು, ಎರಡು, ಒಂದು ಎಂದು ತರಗತಿ ಕಿರಿದಾಗುತ್ತ ಹೋಗುತ್ತದೆ.

ಎರಡನೆಯದು ಅಂಕಿ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ‘ಎಹಾದ್’ ಅಂದರೆ ಒಂದು. ಅಕ್ಷರಗಳ ಮೊತ್ತ 1, 8, 4 ಸೇರಿ 13. ‘ಅಹವಾ’ ಅಂದರೆ ಪ್ರೀತಿ. 1, 5, 2, 5 ಸೇರಿ ಅದೂ 13. ಎರಡನ್ನೂ ಕೂಡಿದರೆ 26, ಅದು ದೇವರ ನಾಲ್ಕಕ್ಷರದ ಹೆಸರಿನ ಮೊತ್ತ. ಒಳಗಿನವನಿಗೆ ಇದು ಧ್ಯಾನ. ಹೊರಗೆ ನಿಂತು ನೋಡುವವನಿಗೆ ಸಂಕೇತ ಲಿಪಿ, ಏನೋ ನಡೆಯುತ್ತಿದೆ ಎಂಬ ಗುಮಾನಿ. ಮೈಸೂರಿನ ಸಂಗೀತಗಾರರು ‘ಮೇಚಕಲ್ಯಾಣಿ’ ಎಂಬ ಹೆಸರಿನ ಮ, ಚ ಎರಡನ್ನು, ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿಯಲ್ಲಿ ತಿರುವಿ ಅದು 65ನೆಯ ಮೇಳ ಎಂದು ಥಟ್ಟನೆ ಹೇಳುವುದನ್ನು ಕೇಳಿದ್ದೀರಲ್ಲ. ಗೊತ್ತಿಲ್ಲದವರಿಗೆ ಅದೂ ಮಾಟದಂತೆಯೇ ಕಾಣುತ್ತದೆ.

1486ರಲ್ಲಿ ಇಟಲಿಯ ಪೀಕೊ ದೆಲ್ಲಾ ಮಿರಾಂದೊಲ, 1517ರಲ್ಲಿ ಜರ್ಮನಿಯ ರಾಯ್ಖ್ಲಿನ್, ಇಬ್ಬರೂ ಕ್ರೈಸ್ತ ವಿದ್ವಾಂಸರು, ಕಬ್ಬಾಲಾವನ್ನು ಲ್ಯಾಟಿನ್ ಓದುಗರ ಮುಂದಿಟ್ಟರು. ಅವರದು ಆದರವೇ. ಆದರೆ ಪದ ಒಮ್ಮೆ ಬೀದಿಗೆ ಬಿದ್ದರೆ ಯಾರ ಕೈಯಲ್ಲೂ ಇರುವುದಿಲ್ಲ. 17ನೆಯ ಶತಮಾನದ ಫ್ರಾನ್ಸಿನಲ್ಲಿ ‘ಕಬಾಲ್’ ಅಂದರೆ ಮೊದಲು ಗೂಢವಿದ್ಯೆ, ಆಮೇಲೆ ಗುಟ್ಟು, ಆಮೇಲೆ ಗುಟ್ಟಾಗಿ ಸೇರುವ ಗುಂಪು, ಕೊನೆಗೆ ಆ ಗುಂಪಿನ ಕಿತಾಪತಿ. 1643ರಲ್ಲಿ ಮಂತ್ರಿ ಮಜಾರಿನ್ ವಿರುದ್ಧ ಕತ್ತಿ ಮಸೆದ ದೊಡ್ಡಮನುಷ್ಯರ ಗುಂಪಿಗೂ ಅದೇ ಹೆಸರು. ವೈರಿಯ ನಾಟಕ ಬೀಳಿಸಲು ಗುಂಪು ಕಟ್ಟಿಕೊಂಡು ಬಂದು ಕೂಗಾಡುವವರಿಗೂ ಅದೇ ಹೆಸರು. (ಈ ಎರಡನೆಯ ಅರ್ಥ ನಮ್ಮ ಸಿನಿಮಾ ಅಭಿಮಾನಿ ಸಂಘಗಳಿಗೆ ಹೇಳಿ ಮಾಡಿಸಿದಂತಿದೆ.)

ಇಂಗ್ಲೆಂಡಿನ ಸಂಗತಿ ಇನ್ನೂ ವಿಚಿತ್ರ. 1290ರಲ್ಲಿ ಅಲ್ಲಿನ ದೊರೆ ಯೆಹೂದಿಗಳನ್ನೆಲ್ಲ ದೇಶ ಬಿಟ್ಟು ಓಡಿಸಿದ್ದ. ಅವರು ಬಹಿರಂಗವಾಗಿ ಮತ್ತೆ ನೆಲೆಸಲು ಸಾಧ್ಯವಾದದ್ದು 1656ರಿಂದ. ಈ ಪದ ಇಂಗ್ಲಿಷಿನಲ್ಲಿ ಬಣ್ಣ ಬದಲಿಸಿದ ಕಾಲದಲ್ಲಿ, ‘ನಮ್ಮ ಕಬ್ಬಾಲಾ ಅಂದರೆ ಹಾಗಲ್ಲ ಕಣಪ್ಪಾ’ ಎಂದು ಬಾಯಿಬಿಟ್ಟು ಹೇಳಬಲ್ಲ ಒಬ್ಬ ಯೆಹೂದಿಯೂ ಅಲ್ಲಿರಲಿಲ್ಲ ಎಂದಾಯಿತು. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಯೋಗಿ ಹೋಗಿ ಪಿತೂರಿಗಾರನಾದದ್ದಲ್ಲ. ಮುಚ್ಚಿದ ಬಾಗಿಲಿನ ಆಚೆ ಉಳಿದವರು ಒಳಗಿನ ಪಿಸುಮಾತಿಗೆ ತಮಗೆ ತೋಚಿದ ಹೆಸರಿಟ್ಟರು.

ಈಗ ನಮ್ಮಲ್ಲಿಗೆ ಬರೋಣ. ಅಂಥ ಪದ ಉಂಟೆ ಎಂದು ಕೇಳಿದಿರಿ. ದಿನಾ ಬಾಯಲ್ಲಿ ಇರುವಂಥದ್ದೇ ಇದೆ: ಮಂತ್ರ. ಮಂತ್ರವಾದಿಗೂ ಮಂತ್ರಿಗೂ ಬುಡ ಒಂದೇ. ‘ಮನ್’ ಅಂದರೆ ಯೋಚಿಸು. ಯೋಚನೆಯ ಸಾಧನ ಮಂತ್ರ. ದೇವರ ಮುಂದೆ ಹೇಳಿದರೆ ಜಪ, ದೊರೆಯ ಮುಂದೆ ಹೇಳಿದರೆ ಆಲೋಚನೆ. ಎರಡಕ್ಕೂ ಕಟ್ಟುಪಾಡು ಒಂದೇ, ಇನ್ನೊಬ್ಬರ ಕಿವಿಗೆ ಬೀಳಬಾರದು. ‘ಷಟ್ಕರ್ಣೋ ಭಿದ್ಯತೇ ಮಂತ್ರಃ’ ಎನ್ನುತ್ತಾರೆ. ಆರು ಕಿವಿ, ಅಂದರೆ ಮೂರನೆಯವನು ಸೇರಿದರೆ ಮಂತ್ರಾಲೋಚನೆ ಒಡೆಯಿತು. ಮಿಶ್ನಾದ ಮೂರು–ಎರಡು–ಒಂದರ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. ಉಪನಯನದಲ್ಲಿ ಬಟ್ಟೆಯ ಮುಸುಕು ಹಾಕಿ ಅಪ್ಪ ಮಗನ ಕಿವಿಯಲ್ಲಿ ಗಾಯತ್ರಿ ಹೇಳುತ್ತಾನೆ, ದೀಕ್ಷೆಯಲ್ಲಿ ಗುರು ಶಿಷ್ಯನ ಕಿವಿಯಲ್ಲಿ ಮಂತ್ರ ಹೇಳುತ್ತಾನೆ. ಅದೇ ಕಿವಿಗೆ ಬೇಡದವನು ಬಾಯಿ ಇಟ್ಟರೆ ನಾವು ‘ಯಾರೋ ಕಿವಿ ಊದವ್ರೆ’ ಅನ್ನುತ್ತೇವೆ.

ಈ ಎರಡೂ ಅರ್ಥಗಳು ಒಂದೇ ಹೊದಿಕೆಯಲ್ಲಿ ಮಲಗಿರುವ ಗ್ರಂಥ ಮರುಹುಟ್ಟು ಪಡೆದದ್ದು ಮೈಸೂರಿನಲ್ಲೇ. ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ ಎನ್ನುವ ಸಂಸ್ಥೆ ಆಗ ಸರ್ಕಾರಿ ಓರಿಯಂಟಲ್ ಲೈಬ್ರರಿ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಪ್ರತಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇರುವುದನ್ನು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು.

ಅದರ ಮೊದಲ ಅಧಿಕರಣದಲ್ಲಿ ಮಂತ್ರಾಲೋಚನೆಯ ಜಾಗ ಹೇಗಿರಬೇಕೆಂದು ಹೇಳುತ್ತ, ಹಕ್ಕಿಗಳ ಕಣ್ಣಿಗೂ ಬೀಳಬಾರದು ಎನ್ನುತ್ತಾನೆ ಕೌಟಿಲ್ಯ. ಗಿಳಿ, ಮೈನಾಗಳಿಂದಲೂ ನಾಯಿಗಳಿಂದಲೂ ಮಂತ್ರ ಬಯಲಾದದ್ದು ಕೇಳಿಬಂದಿದೆಯಂತೆ. ಅಲ್ಲೇ ಸ್ವಲ್ಪ ಮುಂಚೆ ಗೂಢಚಾರರ ಪಟ್ಟಿಯಲ್ಲಿ ‘ತಾಪಸವ್ಯಂಜನ’ ಬರುತ್ತಾನೆ, ತಪಸ್ವಿಯ ವೇಷದವನು. ತಲೆ ಬೋಳಿಸಿರಬೇಕು ಇಲ್ಲವೇ ಜಟೆ ಬಿಟ್ಟಿರಬೇಕು. ಊರ ಅಂಚಿನಲ್ಲಿ ತುಂಬಾ ಶಿಷ್ಯರನ್ನು ಕಟ್ಟಿಕೊಂಡು ಕೂರಬೇಕು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಎಲ್ಲರಿಗೂ ಕಾಣುವಂತೆ, ಒಂದಿಷ್ಟು ಸೊಪ್ಪನ್ನೋ ಒಂದು ಹಿಡಿ ಜವೆಗೋಧಿಯನ್ನೋ ತಿನ್ನಬೇಕು; ಗುಟ್ಟಾಗಿ ಬೇಕಾದ್ದು ತಿನ್ನಬಹುದು. ವರ್ತಕರ ವೇಷದ ಶಿಷ್ಯರು ಬಂದು ಪೂಜೆ ಮಾಡಬೇಕು, ‘ಇವರು ಸಿದ್ಧಪುರುಷರು’ ಎಂದು ಊರಿಗೆಲ್ಲ ಸಾರಬೇಕು. ಕೈ ಮುಗಿದು ಬಂದವರಿಗೆ ಆತ ಭವಿಷ್ಯ ಹೇಳುತ್ತಾನೆ: ಸಣ್ಣ ಲಾಭ ಇದೆ, ಬೆಂಕಿ ಬೀಳುತ್ತದೆ, ಕಳ್ಳರ ಭಯ ಇದೆ, ನಾಳೆ ರಾಜ ಹೀಗೆ ಮಾಡುತ್ತಾನೆ. ಹೇಳಿದ್ದನ್ನೆಲ್ಲ ನಿಜ ಮಾಡಿಸುವ ಕೆಲಸ ಉಳಿದ ಗೂಢಚಾರರದು. ಅನುಭಾವಿಯೂ ಸಂಚುಗಾರನೂ ಒಂದೇ ಮೈಯಲ್ಲಿ ಕೂತಿರುವ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹದಿನಾಲ್ಕನೆಯ ಅಧಿಕರಣದ ಹೆಸರು ಕೇಳಿದರೆ ನೀವು ಬೆಚ್ಚಬಹುದು: ‘ಔಪನಿಷದಿಕ’. ಉಪನಿಷತ್ತು ಎಂಬ ಮಾತಿಗೆ ರಹಸ್ಯ ಬೋಧೆ ಎಂಬ ಅರ್ಥವೂ ಇತ್ತು. ಕೌಟಿಲ್ಯನ ಔಪನಿಷದಿಕದಲ್ಲಿ ಬ್ರಹ್ಮ, ಆತ್ಮ ಯಾವುದೂ ಇಲ್ಲ. ವಿಷದ ಹೊಗೆ, ಕತ್ತಲಲ್ಲಿ ಕಣ್ಣು ಕಾಣಿಸುವ ಅಂಜನ, ಕಾವಲಿನವರನ್ನು ಮಲಗಿಸುವ ಮಂತ್ರ, ಇಂಥವೇ ತುಂಬಿವೆ. ವೇದಾಂತದ ಅತಿ ಎತ್ತರದ ಪದವೇ ವಿಷಪಾಕದ ತಲೆಬರಹವೂ ಆಗಿದೆ. ಗಮನಿಸಿ, ಇಲ್ಲಿ ಹೀಯಾಳಿಕೆ ಇಲ್ಲ. ಬರೆದವನು ಬಾಗಿಲ ಒಳಗಿನವನು. ಅವನಿಗೆ ಗುಟ್ಟು ಅಂದರೆ ಗುಟ್ಟು, ಅಷ್ಟೆ.

ಅದೇ ಮಂತ್ರ ಊರ ಬಾಯಿಗೆ ಬಂದಾಗ ನೋಡಿ. ‘ಮಾಟಮಂತ್ರ’ ಆಯಿತು, ‘ಮಂತ್ರಕ್ಕಿಂತ ಉಗುಳೇ ಹೆಚ್ಚು’ ಎಂಬ ಗಾದೆ ಆಯಿತು. ಬೂದಿ ಕೊಡುವ ಸಾಧು ‘ಮಂಕುಬೂದಿ ಎರಚುವವನು’ ಆದ. ತಂತ್ರದ ಗತಿಯೂ ಇದೇ. ‘ತನ್’ ಅಂದರೆ ಹಿಗ್ಗಿಸು, ಹರಡು. ತಂತು, ತಂತಿಗಳ ಬುಡವೂ ಅದೇ, ವೇದಗಳಲ್ಲಿ ತಂತ್ರ ಅಂದರೆ ಮಗ್ಗಕ್ಕೆ ಹಾಸಿದ ನೂಲು. ಅದರಿಂದ ಶಾಸ್ತ್ರದ ಚೌಕಟ್ಟು, ಆಮೇಲೆ ಶೈವ–ಶಾಕ್ತರ ಸಾಧನೆ, ಇನ್ನೊಂದು ಕಡೆ ಉಪಾಯ. ಕರಾವಳಿಯ ದೇವಸ್ಥಾನದಲ್ಲಿ ‘ತಂತ್ರಿಗಳು’ ಬಂದರೆ ಎದ್ದು ನಿಲ್ಲುತ್ತಾರೆ. ಮದ್ದೂರಿನ ಟೀ ಅಂಗಡಿಯಲ್ಲಿ ಅದೇ ಪದಕ್ಕೆ ‘ಕು’ ಸೇರಿಸಿ ಬೈಯುತ್ತಾರೆ. ನಡುವೆ ‘ತಾಂತ್ರಿಕ ಕಾರಣಗಳಿಂದ’ ಎಂದು ವಿದ್ಯುತ್ ಇಲಾಖೆಯವರು ಹೇಳುವ ಮಾತು ಇದೆ, ಅದರಲ್ಲಿ ಎಷ್ಟು ಇಂಜಿನಿಯರಿಂಗ್, ಎಷ್ಟು ಮಾಯೆ ಎನ್ನುವುದು ಅವರಿಗೇ ಗೊತ್ತು.

ಅರಬ್ಬಿಯಿಂದ ಬಂದ ‘ಮಸಲತ್ತು’ ಕೂಡ ಹಾಗೇ ಕೆಟ್ಟದ್ದು. ಮೂಲದ ‘ಮಸ್ಲಹತ್’ ಒಳಿತು, ಹಿತದ ಸಲಹೆ. ದರ್ಬಾರಿನ ಒಳಗೆ ಅದು ಹಿತವಚನವಾಗಿದ್ದಿರಬಹುದು. ಹೊರಗೆ ಜಗಲಿಯ ಮೇಲೆ ಕೂತ ಕನ್ನಡಿಗನಿಗೆ ಕೇಳಿಸಿದ್ದು ‘ಅವ್ರು ಒಳಗೆ ಕೂತು ಏನೋ ಮಸಲತ್ತು ಮಾಡ್ತಾವ್ರೆ’ ಎಂದು.

ಇನ್ನು ನೀವು ಓದಿದ ಖಂಡೇರಾಯನ ಪ್ರಸಂಗ. ಅದಕ್ಕೆ ಕಬಾಲ್ ಎಂದದ್ದು ತಪ್ಪಲ್ಲ. ಹೈದರನೇ ಬೆಳೆಸಿದ ಅಧಿಕಾರಿ ಆತ. ಹೈದರನ ಸೈನ್ಯದ ದೊಡ್ಡ ಪಾಲು ಪುದುಚೇರಿ ಕಡೆ ಹೋಗಿದ್ದಾಗ ರಾಜಮಾತೆಯ ಪಕ್ಷದವರ ಜೊತೆ ಸೇರಿ, ಮರಾಠರನ್ನೂ ಕರೆಸಿಕೊಂಡು, ಶ್ರೀರಂಗಪಟ್ಟಣದ ಕೋಟೆಯ ಫಿರಂಗಿಗಳನ್ನು ಹೈದರನತ್ತ ತಿರುಗಿಸಿದ. ಹೈದರ್ ರಾತ್ರೋರಾತ್ರಿ ಹೊಳೆ ದಾಟಿ, ಹೆಂಡತಿ ಮಕ್ಕಳನ್ನು ಬಿಟ್ಟು, ಬೆಂಗಳೂರಿಗೆ ಓಡಿದ. ಮರುವರ್ಷ ತಿರುಗೇಟು ಕೊಟ್ಟ ಬಗೆಯೂ ಸಂಚೇ. ಖಂಡೇರಾಯನ ಸೇನಾನಿಗಳು ಅವನನ್ನು ಹಿಡಿದುಕೊಡಲು ಒಪ್ಪಿದ್ದಾರೆ ಎಂಬಂತೆ ಸುಳ್ಳು ಪತ್ರಗಳನ್ನು ಬರೆಸಿ, ಅವು ಖಂಡೇರಾಯನ ಕೈಗೇ ಸಿಗುವಂತೆ ಮಾಡಿದ. ಆತ ಹೆದರಿ ದಂಡು ಬಿಟ್ಟು ಓಡಿದ. ಕೊನೆಗೆ ಅರಮನೆಯವರು ಅವನ ಜೀವ ಉಳಿಸಬೇಕೆಂದು ಕೇಳಿಕೊಂಡಾಗ ‘ಗಿಳಿಯಂತೆ ಸಾಕುತ್ತೇನೆ’ ಎಂದ ಹೈದರ್, ಮಾತಿಗೆ ತಪ್ಪದೆ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದ. ಇದನ್ನು ಬರೆದಿಟ್ಟವನು ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್.

ಆದರೂ ಈ ಪ್ರಸಂಗವನ್ನು ಕನ್ನಡದಲ್ಲಿ ಬರೆಯುವಾಗ ಕಬಾಲ್ ಎಂಬ ಪದವನ್ನು ಹೊತ್ತು ತರುವ ಅಗತ್ಯ ನನಗಂತೂ ಕಾಣುವುದಿಲ್ಲ. ಕೆಲಸವನ್ನು ಹೇಳುವಾಗ ‘ಪಿತೂರಿ’, ‘ಒಳಸಂಚು’ ಸಾಕು. ಜನರನ್ನು ಹೇಳುವಾಗ ‘ಒಳಕೂಟ’ ಅನ್ನಿ, ಸ್ವಲ್ಪ ಹಗುರವಾಗಿ ಹೇಳಬೇಕೆನಿಸಿದರೆ ‘ಪಟಾಲಂ’ ಅನ್ನಿ. ಪಟಾಲಂ ಮೂಲದಲ್ಲಿ ಸೈನ್ಯದ ತುಕಡಿ, ಈಗ ನಾಯಕರ ಹಿಂದೆ ಮುಂದೆ ಸುತ್ತುವ ಗುಂಪು. ಷಡ್ಯಂತ್ರ ಎಂಬುದು ಪತ್ರಿಕೆಗಳಿಗೆ ಪ್ರಿಯ, ನನಗೆ ಅಷ್ಟೇನೂ ಅಲ್ಲ.

ಇದರಲ್ಲಿ ಬರೀ ಭಾಷಾಭಿಮಾನ ಇಲ್ಲ. ಇಡೀ ಜಗತ್ತನ್ನು ಒಂದು ಗುಪ್ತ ಕಬಾಲ್ ಆಳುತ್ತಿದೆ ಎನ್ನುವ ವಿಡಿಯೊಗಳು ಈಗ ನಮ್ಮ ಮೊಬೈಲಿಗೂ ಬರುತ್ತಿವೆ. ಯೂರೋಪಿನಲ್ಲಿ ಯೆಹೂದಿಗಳ ಮೇಲೆ ಶತಮಾನಗಳ ಕಾಲ ಹೊರಿಸಿದ ಅಪವಾದವೇ ಅಲ್ಲಿ ವೇಷ ಬದಲಿಸಿಕೊಂಡು ಕೂತಿರುತ್ತದೆ. ಅವರ ಧ್ಯಾನದ ಹೆಸರನ್ನೇ ಬೈಗುಳ ಮಾಡಿದ ಪದ ಅದು. ಇಂಗ್ಲಿಷಿನವರು ಅದನ್ನು ಮರೆತು ಬಳಸುತ್ತಾರೆ, ಬಳಸಲಿ. ಹೊಸದಾಗಿ ಕಡ ತರುವ ನಾವು ಗೊತ್ತಿದ್ದೂ ಯಾಕೆ ತರಬೇಕು?

‘ಕಬಾಲಿಸ್ಟ್’ ಎಂದು ಕಂಡಲ್ಲಿ ವಾಕ್ಯ ನೋಡಿ ತೀರ್ಮಾನಿಸಿ. ಜೋಹರ್, ಸಫೇದ್, ಲೂರಿಯಾ ಇವುಗಳ ನಡುವೆ ಬಂದರೆ ‘ಕಬ್ಬಾಲಾ ಅನುಭಾವಿ’. ದೊರೆ, ಮಂತ್ರಿ, ಕೋಟೆಗಳ ನಡುವೆ ಬಂದರೆ ‘ಸಂಚುಗಾರ’. ಪಂಥದ ಹೆಸರನ್ನು ‘ಕಬ್ಬಾಲಾ’ ಎಂದೇ ಬರೆಯಿರಿ, ‘ಬ’ಗೆ ಒತ್ತು ಬಿಡಬೇಡಿ, ಆದರೆ ‘ಲ’ವನ್ನು ‘ಳ’ ಮಾಡಬೇಡಿ, ಮಾಡಿದರೆ ನಿಮ್ಮ ಮಳವಳ್ಳಿ ಸ್ನೇಹಿತರು ಮತ್ತೆ ವಾದ ಶುರು ಮಾಡುತ್ತಾರೆ.